ದರ ಇಳಿಯುವ ದಿನ

ಅತ್ತೆಯ ಕಾಲು ಊದಿಕೊಂಡಿದೆ ಎಂಬ ಸುದ್ದಿ ಊರಿಗೆ ಗೊತ್ತಾದ ದಿನವೇ ನಮ್ಮ ಮನೆಗೆ ಮೊದಲ ಪಾಯಸ ಬಂತು. ತಂದವಳು ಪಕ್ಕದ ಮನೆಯ ಗುಲಾಬಿ. ನಾನು ಮದುವೆಯಾಗಿ ಬಂದಾಗಿನಿಂದ ಬೇಲಿಯ ಆಚೆ ಇದ್ದವಳು, ಒಂದು ಎಸಳು ಕರಿಬೇವು ಕೇಳಿದರೂ ಮುಖ ಗಂಟಿಕ್ಕುತ್ತಿದ್ದವಳು, ಆ ಸಂಜೆ ಸ್ಟೀಲ್ ಡಬ್ಬಿಯಲ್ಲಿ ಹೆಸರುಬೇಳೆ ಪಾಯಸ ಹಿಡಿದುಕೊಂಡು ಒಳಗೆ ಬಂದಳು. ಅತ್ತೆಯ ಮಂಚದ ತುದಿಯಲ್ಲಿ ಕೂತು ಊದಿದ ಪಾದವನ್ನು ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದಲ್ಲಿ ಕುಳಿ ಬಿತ್ತು. ಅದು ತುಂಬಿಕೊಳ್ಳುವವರೆಗೆ ಕಣ್ಣು ತೆಗೆಯದೆ ನೋಡಿದಳು. "ಹಾರ್ಟಿಂದಾ?" ಎಂದು ನನ್ನನ್ನು ಕೇಳಿದಳು. ಹೌದು ಎಂದೆ. ಅವಳ ಮುಖದಲ್ಲಿ ಮರುಕ ಕಾಣಿಸಿತು, ಮರುಕದ ಅಡಿಯಲ್ಲಿ ಇನ್ನೊಂದು ಕಾಣಿಸಿತು. ನಮ್ಮ ಊರಿನಲ್ಲಿ ಹುಟ್ಟಿ ಬೆಳೆದ ಯಾರಿಗೂ ಆ ಇನ್ನೊಂದನ್ನು ಗುರುತಿಸುವುದು ಕಷ್ಟವಲ್ಲ.

ನಮ್ಮ ಬಂದರಿಗೆ ವಿಹಾರದ ಹಡಗು ವರ್ಷಕ್ಕೆ ಒಂದೇ ಸಲ ಬರುತ್ತದೆ. ದ್ವೀಪಗಳನ್ನೆಲ್ಲ ಸುತ್ತಿಸಿ ಮತ್ತೆ ತಂದು ಬಿಡುತ್ತದೆ. ಮಳೆ ನಿಂತು ಕಡಲು ಸಮವಾದ ಮೇಲೆ ಹಡಗು ಕಚೇರಿಯ ಟಿಕೆಟ್ ಕಿಟಕಿ ತೆರೆಯುತ್ತಾರೆ, ಹಡಗು ಹೊರಡುವ ದಿನ ಮುಚ್ಚುತ್ತಾರೆ. ಕಿಟಕಿಯ ಮೇಲೆ ದರದ ಹಲಗೆ ಇದೆ. ಅದರಲ್ಲಿರುವ ದರ ಕೊಟ್ಟು ಹೋಗಬಲ್ಲವರು ಊರಿನಲ್ಲಿ ಇಬ್ಬರೋ ಮೂವರೋ ಬೋಟ್ ಮಾಲೀಕರು, ಒಬ್ಬ ಜವಳಿ ಅಂಗಡಿಯವರು. ಆದರೆ ಊರಿನ ಗಡಿಯೊಳಗೆ ಯಾರದಾದರೂ ಪ್ರಾಣ ಹೋದರೆ, ಆ ಕ್ಷಣಕ್ಕೆ ಹಲಗೆಯ ಅಂಕಿ ಇಳಿದು ಅರ್ಧಕ್ಕೆ ಬರುತ್ತದೆ. ಚಿತೆಗೆ ಬೆಂಕಿ ತಗಲಿದ ಕೂಡಲೇ, ಇಲ್ಲವೆ ಗುಂಡಿಗೆ ಕೊನೆಯ ಹಿಡಿ ಮಣ್ಣು ಬಿದ್ದ ಕೂಡಲೇ, ಮತ್ತೆ ಮೇಲೇರುತ್ತದೆ. ಯಾರೂ ಏಣಿ ಹತ್ತುವುದಿಲ್ಲ, ಯಾರೂ ಬಣ್ಣ ಬಳಿಯುವುದಿಲ್ಲ. ನನ್ನ ಅಜ್ಜಿ ಚಿಕ್ಕವಳಿರುವಾಗಲೂ ಹಾಗೆಯೇ ಇತ್ತಂತೆ.

ಯಾವಾಗ ಟಿಕೆಟ್ ಮಾಡಿಸಿದರೆ ಅಗ್ಗ ಎಂದು ಹೊರಗಿನವರು ಕೇಳಿದರೆ ನಾವು ಮಾತು ತಿರುಗಿಸುತ್ತೇವೆ. ನಮ್ಮೊಳಗೂ ಆ ಮಾತನ್ನು ನೇರವಾಗಿ ಆಡುವವರಿಲ್ಲ. ಕಿಟಕಿ ತೆರೆದ ಮೇಲೆ ಊರಿನ ನಾಲಿಗೆಯೇ ಮೆತ್ತಗಾಗುತ್ತದೆ. "ಅಜ್ಜನವರು ಹೇಗಿದ್ದಾರೆ? ಊಟ ಸೇರ್ತದಾ? ನಿದ್ದೆ ಬರ್ತದಾ?" ವಯಸ್ಸಾದವರ ಮನೆಗಳಿಗೆ ಹಣ್ಣು ಹೋಗುತ್ತದೆ, ಎಳನೀರು ಹೋಗುತ್ತದೆ. ಸಾವಾದ ಮನೆಯವರು ಮಾತ್ರ ಆ ದಿನ ಕಿಟಕಿಯ ಕಡೆ ಸುಳಿಯುವುದಿಲ್ಲ. ಅಷ್ಟೊಂದು ಮಾನ ನಮ್ಮಲ್ಲಿ ಉಳಿದಿದೆ ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನನ್ನ ಅಪ್ಪ ಹೋದದ್ದು ಕಿಟಕಿ ತೆರೆದಿದ್ದ ದಿನಗಳಲ್ಲೇ. ಚಟ್ಟಕ್ಕೆ ಹೆಗಲು ಕೊಡಲು ಜನ ಸಿಗಲಿಲ್ಲ, ಎಲ್ಲರೂ ಬಂದರಿನಲ್ಲಿ ಸಾಲು ನಿಂತಿದ್ದರು. ಅಣ್ಣ ಎರಡು ಬೀದಿ ಸುತ್ತಿ ಲಾರಿ ಇಳಿಸುವವರನ್ನು ಕೂಲಿ ಕೊಟ್ಟು ಕರೆದುಕೊಂಡು ಬಂದ. ಅಷ್ಟರಲ್ಲಿ ನಮ್ಮ ಸ್ವಂತ ಚಿಕ್ಕಪ್ಪನ ಮಗ ಓಡಿ ಬಂದು ಅಣ್ಣನ ಕೈ ಹಿಡಿದು, "ಬೆಂಕಿ ಕೊಡುದು ಸ್ವಲ್ಪ ತಡ ಮಾಡು ಮಾರಾಯ, ನಾನಿನ್ನೂ ಸಾಲಿನ ಕೊನೇಲಿ ಇದ್ದೇನೆ" ಎಂದ. ಅವತ್ತು ಹೊತ್ತಿಕೊಂಡ ಸಿಟ್ಟು ನನ್ನೊಳಗೆ ಆರಿದ್ದಿಲ್ಲ.

ನನ್ನ ಹೆಸರು ಪ್ರಫುಲ್ಲಾ. ಮೀನು ಬಂದರಿನ ಐಸ್ ಪ್ಲಾಂಟಿನ ಕಚೇರಿಯಲ್ಲಿ ಕೆಲಸ. ನನ್ನ ಗಂಡ ಉಮಾನಾಥನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಎದುರಿಗೆ ಯಾವಾಗಲೂ ಬಹುವಚನದಲ್ಲೇ ಕರೆಯುವವಳು ನಾನು, ಇದನ್ನು ಹೇಳುವಾಗ ಮಾತ್ರ ಬಾಯಿಗೆ ಬಹುವಚನ ಬರುತ್ತಿಲ್ಲ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ ವಾರಿಜಮ್ಮ. ಗಂಡ ತೀರಿಕೊಂಡ ಮೇಲೆ ಬಂದರಿನ ಪಕ್ಕ ಚಹಾದ ಹೋಟೆಲ್ ಇಟ್ಟು, ಗೋಳಿಬಜೆ ಕರಿದು, ಮಗನನ್ನು ಓದಿಸಿದ ಹೆಂಗಸು. ನಮ್ಮಿಬ್ಬರಿಗೆ ಎಂದೂ ಸರಿಬರಲಿಲ್ಲ. ನಾನು ಮಾಡಿದ ಸಾರಿನಲ್ಲಿ ಅವರಿಗೆ ಪ್ರತಿದಿನ ಒಂದು ಕೊರತೆ ಸಿಗುತ್ತಿತ್ತು. ಅವರ ಮಾತಿನಲ್ಲಿ ನನಗೆ ಪ್ರತಿದಿನ ಒಂದು ಮುಳ್ಳು ಸಿಗುತ್ತಿತ್ತು. ಜಗಳವಾಡಿದ ದಿನ ಇಬ್ಬರೂ ಬೇರೆ ಬೇರೆ ಪಾತ್ರೆ ಕುಕ್ಕುತ್ತಿದ್ದೆವು.

ಆ ವರ್ಷ ಊರು ಹಸಿದು ಕೂತಿತ್ತು. ಹಿಂದಿನ ಎರಡು ವರ್ಷ ಕಿಟಕಿ ತೆರೆದಿದ್ದಷ್ಟು ಕಾಲವೂ ಊರಿನಲ್ಲಿ ಒಂದು ಸಾವೂ ಆಗಿರಲಿಲ್ಲ. ಹಡಗು ಹೆಚ್ಚುಕಡಿಮೆ ಖಾಲಿಯೇ ಹೋಗಿತ್ತು. ಹಾಗಾಗಿ ಅತ್ತೆಯ ಕಾಲು ಊದಿದ್ದು ಎಲ್ಲರ ಮನೆಯ ಮಾತಾಯಿತು. ಪಾಯಸದ ಹಿಂದೆ ಹೋಳಿಗೆ ಬಂತು, ಹೋಳಿಗೆಯ ಹಿಂದೆ ರಾಗಿ ಮಣ್ಣಿ ಬಂತು. ನಾನು ಕೆಲಸ ಮುಗಿಸಿ ಬರುವಾಗ ಜಗಲಿಯ ಮೆಟ್ಟಿಲಲ್ಲಿ ಪರಿಚಯವೇ ಇಲ್ಲದವರ ಚಪ್ಪಲಿಗಳು. ಒಳಗೆ ಹೋದರೆ ಯಾರೋ ಅತ್ತೆಯ ನಾಡಿ ಹಿಡಿದು ಕೂತಿರುತ್ತಿದ್ದರು.

ಡಾಕ್ಟರ್ ಮೋನಪ್ಪ ಅತ್ತೆಯನ್ನು ಪರೀಕ್ಷೆ ಮಾಡಿ ನಮ್ಮಿಬ್ಬರನ್ನು ಅಂಗಳಕ್ಕೆ ಕರೆದರು. "ಹೃದಯ ದಣಿದಿದೆ. ಶ್ವಾಸಕೋಶಕ್ಕೂ ನೀರು ಬರ್ತಾ ಉಂಟು. ಘಟ್ಟದ ಮೇಲಿನ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಸ್ವಲ್ಪ ಸಮಯ ಸಿಗಬಹುದು, ಸಿಗದೆಯೂ ಇರಬಹುದು. ಯೋಚನೆ ಮಾಡಿ," ಎಂದರು. ಉಮಾನಾಥ ಕಣ್ಣೊರೆಸಿಕೊಂಡು, "ಯಾಕೆ ಹಿಂಸೆ ಕೊಡುದು ಡಾಕ್ಟ್ರೆ. ಮನೇಲೇ ನೆಮ್ಮದಿಯಾಗಿ ಇರ್ಲಿ," ಎಂದ. ನನಗೆ ಅದು ಪ್ರೀತಿ ಎನಿಸಿತು. ದಿನವೂ ಅಂಗಡಿಯಿಂದ ಬಂದು ಅಮ್ಮನ ಕಾಲಿಗೆ ಎಣ್ಣೆ ತಿಕ್ಕುವವನು ಅವನು. ಆಮೇಲೆ ಗುಲಾಬಿಯೂ ಅದನ್ನೇ ಹೇಳಿದಳು, "ದೊಡ್ಡ ಆಸ್ಪತ್ರೆ ಎಲ್ಲ ಬೇಡ ಪ್ರಫುಲ್ಲಕ್ಕ, ಮನೇಲೇ ಇರ್ಲಿ ಪಾಪ." ಹಾಲಿನವನೂ ಅದನ್ನೇ ಹೇಳಿದ. ಐಸ್ ಪ್ಲಾಂಟಿನ ಮ್ಯಾನೇಜರರೂ ಅದನ್ನೇ ಹೇಳಿದಾಗ ನನ್ನ ಬೆನ್ನು ಸ್ವಲ್ಪ ತಣ್ಣಗಾಯಿತು. ಊರಿನ ಗಡಿ ದಾಟಿದ ಮೇಲೆ ಜೀವ ಹೋದರೆ ಹಲಗೆಯ ಅಂಕಿ ಇಳಿಯುವುದಿಲ್ಲ.

ಒಂದು ಮಧ್ಯಾಹ್ನ ಉಮಾನಾಥ ಬುತ್ತಿ ಮರೆತು ಹೋಗಿದ್ದ. ನಾನು ಕೊಡಲು ಅಂಗಡಿಗೆ ಹೋದೆ. ಮುಂದೆ ಯಾರೂ ಇರಲಿಲ್ಲ. ಕಣ್ಣು ಪರೀಕ್ಷೆ ಮಾಡುವ ಕೋಣೆಯ ಪರದೆಯ ಹಿಂದಿನಿಂದ ಮಾತು ಕೇಳಿಸುತ್ತಿತ್ತು. ಪಕ್ಕದ ಸ್ಟೇಷನರಿ ಅಂಗಡಿಯ ದಿವಾಕರ, ನನ್ನ ಗಂಡನ ಸ್ನೇಹಿತ, ಹೇಳುತ್ತಿದ್ದ: "ನಿನ್ನ ಹಣ ನನ್ನ ಕೈಲಿ ಕೊಟ್ಟಿರು. ಸುದ್ದಿ ಬಂದ ಕೂಡ್ಲೇ ನಾನು ಓಡ್ತೇನೆ. ನನ್ನದರ ಜೊತೆ ನಿಮ್ಮಿಬ್ಬರದ್ದೂ ತೆಗೀತೇನೆ. ನೀನು ಮನೇಲಿ ಅಮ್ಮನ ಹತ್ರ ಕೂತಿರು, ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಬೆಂಕಿ ಕೊಡುದನ್ನು ಮಾತ್ರ ಸಂಜೆವರೆಗೆ ಎಳಿ." ಉಮಾನಾಥನ ದನಿ ಬಂತು: "ಘಟ್ಟದ ಮೇಲಿನಿಂದ ಸೋದರಮಾವ ಬರ್ಲಿಕ್ಕುಂಟು ಅಂತ ಹೇಳ್ತೇನೆ. ಅವರು ಬರುವ ತನಕ ಯಾರೂ ಅವಸರ ಮಾಡ್ಲಿಕ್ಕಿಲ್ಲ."

ನಾನು ಪರದೆ ಸರಿಸಿದೆ. ದಿವಾಕರ ನನ್ನನ್ನು ನೋಡಿದವನೇ ಗೋಡೆಗೆ ಒತ್ತಿಕೊಂಡು ಹೊರಗೆ ಹೋದ. ಉಮಾನಾಥ ಎದ್ದು ನಿಂತ.

"ಪ್ರಫುಲ್ಲಾ, ನೀನು ಗ್ರಹಿಸಿದ ಹಾಗೆ ಅಲ್ಲ."

"ನಾನು ಎಂತ ಗ್ರಹಿಸಿದ್ದೇನೆ ಅಂತ ಹೇಳಿ ನೋಡುವ."

ಅವನು ಮೇಜಿನ ಮೇಲಿದ್ದ ಕನ್ನಡಕದ ಫ್ರೇಮನ್ನು ತೆಗೆದು, ಮಡಚಿ, ಬಿಡಿಸಿ, ಮತ್ತೆ ಮಡಚಿದ. "ಅಮ್ಮ ಹೇಗೂ ಹೋಗ್ತಾರೆ. ನಾನು ಬೇಡ ಅಂದ್ರೆ ನಿಲ್ತದಾ? ಅವರು ಹೋದ ದಿನ ಇಡೀ ಊರು ಟಿಕೆಟ್ ತೆಗೀತದೆ. ಗುಲಾಬಿ ತೆಗೀತಾಳೆ, ಹಾಲಿನವ ತೆಗೀತಾನೆ. ನನ್ನ ಅಮ್ಮ ಸತ್ತದ್ದರಲ್ಲಿ ಊರಿಗೆಲ್ಲ ಪಾಲು ಉಂಟು, ಮಗನಿಗೆ ಮಾತ್ರ ಇಲ್ಲ. ಅದು ಯಾವ ನ್ಯಾಯ? ಚಿಕ್ಕಂದಿನಿಂದ ಆ ಹಡಗನ್ನು ನೋಡ್ತಾ ಬಂದವ ನಾನು. ಒಂದು ಸಲ ಹತ್ತಬೇಕು ಅಂತ ಆಸೆ ಇಟ್ಟುಕೊಂಡದ್ದು ತಪ್ಪಾ?"

"ಅದಕ್ಕೇ ಆಸ್ಪತ್ರೆಗೆ ಬೇಡ ಅಂದದ್ದಾ?"

ಇಲ್ಲ ಎಂದಿದ್ದರೆ ನಾನು ನಂಬುತ್ತಿದ್ದೆ. ನಂಬಲು ನಾನು ತಯಾರಾಗಿ ನಿಂತಿದ್ದೆ. ಅವನು ಫ್ರೇಮಿನ ಸ್ಕ್ರೂ ನೋಡುತ್ತಾ ನಿಂತ. ನಾನು ಬುತ್ತಿಯನ್ನು ಆ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಮುಚ್ಚಳ ಹಾರಿ ಸಾಂಬಾರು ಅವನ ಫ್ರೇಮುಗಳ ಮೇಲೆಲ್ಲ ಚೆಲ್ಲಿತು. ಒರೆಸದೆ ಬಂದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಕುಕ್ಕುತ್ತಿದ್ದೆ. "ಪಾತ್ರೆಗೆ ಯಾಕೆ ಹೊಡೀತಿ, ಇಲ್ಲಿ ಬಾ," ಎಂದು ಅತ್ತೆ ಕೂಗಿದರು. ಎರಡು ಮಾತಿಗೊಮ್ಮೆ ಅವರಿಗೆ ಉಸಿರು ನಿಲ್ಲಿಸಬೇಕಾಗುತ್ತಿತ್ತು. ನಾನು ಹೋಗಿ ಬಾಗಿಲಲ್ಲಿ ನಿಂತೆ. ಹೇಳಬಾರದು ಎಂದುಕೊಂಡಿದ್ದೆ. ಅವರೇ ಕೇಳಿದರು: "ಉಮ ಯಾರ ಕೈಲಿ ಹಣ ಕೊಟ್ಟಿದ್ದಾನೆ? ದಿವಾಕರನ ಕೈಲಾ?"

"ನಿಮಗೆ ಯಾರು ಹೇಳಿದ್ದು?" ಎಂದೆ.

"ಅಷ್ಟೂ ಗೊತ್ತಾಗುದಿಲ್ವಾ ನನಗೆ? ಕಾಲಿಗೆ ಎಣ್ಣೆ ತಿಕ್ಕುವಾಗ ಇದುವರೆಗೆ ನನ್ನ ಮುಖ ನೋಡ್ತಿದ್ದ. ಈಗ ಕಾಲನ್ನೇ ನೋಡ್ತಾನೆ." ಅವರು ಗೋಡೆಯ ಕಡೆ ತಿರುಗಿದರು. "ಅವನನ್ನು ಬೈದು ಪ್ರಯೋಜನ ಇಲ್ಲ. ನಾನೇ ಕಲಿಸಿದ್ದು. ಸಣ್ಣವ ಇರುವಾಗ ಹೋಟ್ಲಿನ ಬಾಗಿಲಲ್ಲಿ ನಿಂತು ಹಡಗು ಬೇಕು, ಹಡಗು ಬೇಕು ಅಂತ ಹಟ ಹಿಡೀತಿದ್ದ. ದರ ಇಳೀಲಿ ಮಗಾ, ಹೋಗುವ ಅಂತಿದ್ದೆ. ಪ್ರತಿ ವರ್ಷ ಅದನ್ನೇ ಹೇಳಿದೆ. ಯಾರದ್ದೋ ಹೆಣ ಬೀಳ್ಲಿ ಅಂತ ಮಗುವಿಗೆ ಹೇಳ್ತಾ ಇದ್ದೇನೆ ಅಂತ ನನ್ನ ತಲೆಗೇ ಹೋಗ್ಲಿಲ್ಲ ಮಾರಾಯ್ತಿ. ಇಳಿದ ದಿನ ಕೈಲಿ ಅಷ್ಟೂ ಇರ್ತಿರ್ಲಿಲ್ಲ. ಅವನಿಗೆ ಕಾಯುದು ಮಾತ್ರ ಅಭ್ಯಾಸ ಆಯ್ತು."

ನಾನು ಅವರಿಗೆ ಸಮಾಧಾನ ಹೇಳಿದ ಅಭ್ಯಾಸವೇ ಇರಲಿಲ್ಲ.

"ಸಿಟ್ಟು ಬಂದಿದೆಯಾ ನಿನಗೆ?" ಎಂದು ಕೇಳಿದರು.

"ಬಂದಿದೆ."

"ನನಗೂ ಬಂದಿದೆ. ಹಾಗಾದ್ರೆ ಆಯ್ತು." ಕೈಯಿಂದ ಬಳೆ ತೆಗೆಯಲು ನೋಡಿದರು. ಊದಿದ ಕೈಯಿಂದ ಅವು ಬರಲಿಲ್ಲ. "ಸೋಪು ತಾ," ಎಂದರು. ನಾನು ಸೋಪಿನ ನೀರು ತಂದು, ಮಂಚದ ಪಕ್ಕ ಕೂತು, ಚರ್ಮ ಕೆಂಪಾಗುವ ತನಕ ಎಳೆದು ಬಳೆಗಳನ್ನು ತೆಗೆದೆ. ಅವರು ಒಂದು ಸಲವೂ ನೋವು ಎನ್ನಲಿಲ್ಲ. "ಇದನ್ನು ಮಾರಿ ಎರಡು ಟಿಕೆಟ್ ತಾ. ಪೂರ್ತಿ ದರದ್ದು. ಒಂದು ನನಗೆ, ಒಂದು ನಿನಗೆ."

"ಅತ್ತೆ, ನಿಮ್ಮ ಈ ಸ್ಥಿತೀಲಿ..."

"ಈ ಸ್ಥಿತೀಲಿ ಇಲ್ಲೇ ಸತ್ರೆ ಇವರೆಲ್ಲ ನನ್ನ ಮೈ ಮೇಲೆ ಮೆಟ್ಟಿ ಹಡಗು ಹತ್ತುದು. ಅದರ ಬದಲು ನಾನೇ ಹತ್ತುತ್ತೇನೆ. ನೀನು ಬರುದಾದ್ರೆ ಬಾ. ಬರುದಿಲ್ಲ ಅಂದ್ರೆ ನನ್ನನ್ನು ಆಟೋದಲ್ಲಿ ಕೂರಿಸು, ಸಾಕು."

ಮರುದಿನ ಬಳೆ ಮಾರಿ ನಾನು ಬಂದರಿಗೆ ಹೋದೆ. ಕಿಟಕಿಯ ಮುಂದೆ ಒಂದು ನರಪಿಳ್ಳೆ ಇರಲಿಲ್ಲ. ಆದರೆ ಎದುರಿನ ಗೂಡಂಗಡಿಗಳಲ್ಲಿ, ಕಟ್ಟೆಯ ಮೇಲೆ, ನಿಲ್ಲಿಸಿದ ಸೈಕಲ್ಲುಗಳ ಮೇಲೆ ಜನ ಹಲಗೆಯ ಕಡೆಗೊಂದು ಕಣ್ಣಿಟ್ಟು ಕೂತಿದ್ದರು. ನನ್ನನ್ನು ಕಂಡು ಕೆಲವರು ಗಡಬಡಿಸಿ ಎದ್ದರು. ಸುದ್ದಿ ತಂದೆನೆಂದು ಭಾವಿಸಿರಬೇಕು. ನಾನು ಕಿಟಕಿಗೆ ಹೋಗಿ ಎರಡು ಟಿಕೆಟ್ ಕೇಳಿದೆ. ಒಳಗಿದ್ದ ಗುಮಾಸ್ತ ಕನ್ನಡಕ ಮೇಲೆ ಮಾಡಿ ನನ್ನನ್ನು ನೋಡಿ, ದನಿ ಇಳಿಸಿ ಹೇಳಿದ: "ಪೂರ್ತಿ ದರಕ್ಕಾ ಅಕ್ಕ? ಸ್ವಲ್ಪ ದಿನ ನೋಡಬಹುದಿತ್ತಲ್ಲ. ನಿಮ್ಮ ಮನೇಲೇ..." ಮುಂದಿನದನ್ನು ನುಂಗಿಕೊಂಡ.

"ನಮ್ಮ ಮನೇಲೇ ಎಂತ?" ಎಂದೆ.

"ಎಂತ ಇಲ್ಲ. ಹೆಸರು ಹೇಳಿ."

"ಒಂದು ಪ್ರಫುಲ್ಲಾ. ಇನ್ನೊಂದು ವಾರಿಜ. ಬರೀರಿ." ಅವನ ಪೆನ್ನು ನಿಂತಿತು. ನಾನು ಕಿಟಕಿಯ ಸರಳು ಹಿಡಿದುಕೊಂಡು ಇನ್ನೊಮ್ಮೆ ಹೇಳಿದೆ. ಅವನು ಬರೆದ. ಯಾರಿಗಾದರೂ ಹೇಳಿದರೆ ಐಸ್ ಪ್ಲಾಂಟಿನ ಐಸಿನಲ್ಲಿ ಹೂತು ಹಾಕುತ್ತೇನೆ ಎಂದು ನಾನು ಹೇಳಿದ್ದು ಅವನಿಗೆ ನಿಜ ಎನಿಸಿರಬೇಕು. ಯಾರಿಗೂ ಹೇಳಲಿಲ್ಲ.

ಹಡಗು ಹೊರಡುವ ತನಕದ ದಿನಗಳನ್ನು ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ಊರಿಗೆ ಊರೇ ಒಬ್ಬಳ ಉಸಿರು ನಿಲ್ಲಲಿ ಎಂದು ಕಾಯುತ್ತಿರುವಾಗ, ನಾನೊಬ್ಬಳು ಆ ಉಸಿರನ್ನು ಹಿಡಿದು ನಿಲ್ಲಿಸಬೇಕಿತ್ತು. ಉಪ್ಪಿಲ್ಲದ ಗಂಜಿ, ಹೊತ್ತಿಗೆ ಸರಿಯಾಗಿ ಮಾತ್ರೆ, ಬೆನ್ನಿಗೆ ಮೂರು ದಿಂಬು. ಗಂಜಿಯನ್ನು ಅವರು ಬೈದುಕೊಂಡೇ ಕುಡಿದರು. ಬೈದಷ್ಟೂ ನನಗೆ ಧೈರ್ಯ ಬರುತ್ತಿತ್ತು. ಉಮಾನಾಥನ ಜೊತೆ ನಾನು ಮಾತು ಬಿಟ್ಟಿದ್ದೆ. ಅವನು ಮೊದಲಿನಂತೆಯೇ ಬಂದು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಅತ್ತೆ ಬೇಡ ಎನ್ನಲಿಲ್ಲ, ಕಣ್ಣು ಮುಚ್ಚಿ ತಿಕ್ಕಿಸಿಕೊಂಡರು.

ಒಂದು ಬೆಳಿಗ್ಗೆ ಅವರಿಗೆ ಉಸಿರು ಕಟ್ಟಿತು. ತುಟಿ ನೀಲಿಯಾಯಿತು. ನಾನು ಎತ್ತಿ ಕೂರಿಸಿ ಬೆನ್ನು ಉಜ್ಜುತ್ತಾ ಡಾಕ್ಟರಿಗೆ ಫೋನ್ ಮಾಡಿದೆ. ಅದು ಬೇಲಿಯಾಚೆಗೆ ಹೇಗೆ ಕೇಳಿಸಿತೋ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಂಗಳ ತುಂಬಿತು. ಗುಲಾಬಿ ಬಾಗಿಲಿಗೆ ಬಂದು, "ಆಯ್ತಾ?" ಎಂದಳು. ಅಷ್ಟೇ ಕೇಳಿದ್ದು. ಹಿಂದಿನಿಂದ ಯಾರೋ ಅದನ್ನೇ "ಆಯ್ತಂತೆ" ಎಂದು ಕೇಳಿಸಿಕೊಂಡು ಬಂದರಿನ ಕಡೆ ಓಡಿದರು. ಅವರ ಹಿಂದೆ ಇನ್ನೂ ನಾಲ್ಕು ಜನ ಓಡಿದರು. ಡಾಕ್ಟರು ಬಂದು ಚುಚ್ಚುಮದ್ದು ಕೊಟ್ಟರು. ಅತ್ತೆಯ ತುಟಿಗೆ ಬಣ್ಣ ಮರಳಿತು. ನಾನು ಹೊರಗೆ ಬಂದು ಅಂಗಳದಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದೆ. "ಇಲ್ಲ," ಎಂದೆ. "ಇನ್ನೂ ಆಗ್ಲಿಲ್ಲ. ಹಲಗೆಯ ದರ ಮೇಲೇ ಉಂಟು. ಹೋಗಿ." ಒಬ್ಬರೂ ಸಂತೋಷಪಡಲಿಲ್ಲ. ಒಬ್ಬರಾದರೂ ಸುಳ್ಳಿಗಾದರೂ ದೇವರು ದೊಡ್ಡವನು ಎನ್ನಬಹುದಿತ್ತು. ಚಪ್ಪಲಿ ಹುಡುಕಿಕೊಂಡು ಹೋದರು.

ಹಡಗು ಹೊರಡುವ ದಿನ ಉಮಾನಾಥ ಬೇಗನೇ ಮನೆ ಬಿಟ್ಟ. ಅಂಗಡಿಗೆ ಎಂದ. ಎಲ್ಲಿಗೆಂದು ನನಗೆ ಗೊತ್ತಿತ್ತು. ಕೊನೆಯ ದಿನ ಇಡೀ ಊರು ಬಂದರಿನಲ್ಲೇ ಇರುತ್ತದೆ. ನಾನು ಅತ್ತೆಗೆ ಸ್ನಾನ ಮಾಡಿಸಿ, ನೇರಳೆ ಅಂಚಿನ ಸೀರೆ ಉಡಿಸಿ, ತಲೆ ಬಾಚಿದೆ. "ಇಷ್ಟು ಬಿಗಿ ಯಾಕೆ ಎಳೀತಿ, ಕೂದಲು ಇರುದೇ ನಾಲ್ಕು," ಎಂದರು. ಆಟೋದಲ್ಲಿ ಕೂರಿಸಿ, ಡಾಕ್ಟರ ದವಾಖಾನೆಯಿಂದ ಗಾಲಿ ಕುರ್ಚಿ ತೆಗೆದುಕೊಂಡು ಹೊರಟೆ. ಡಾಕ್ಟರಿಗೆ ಹಿಂದಿನ ದಿನವೇ ಹೇಳಿದ್ದೆ. ಅವರು ಎದ್ದು ಮದ್ದಿನ ಕಟ್ಟು ಮಾಡಿ ಕೊಟ್ಟರು. "ಹೇಗೆ ಕೊಡುದು ಅಂತ ಹಡಗಿನ ಡಾಕ್ಟರಿಗೆ ನಾನೇ ಬಂದು ಹೇಳ್ತೇನೆ," ಎಂದರು. ಹೇಳಿದಂತೆ ಬಂದು ಹಡಗಿಗೆ ಹತ್ತುವ ಸೇತುವೆಯ ಬುಡದಲ್ಲಿ ನಿಂತಿದ್ದರು.

ಗಾಲಿ ಕುರ್ಚಿ ಬಂದರಿನ ಕಲ್ಲುಹಾಸಿನ ಮೇಲೆ ಉರುಳಿದ್ದೇ ತಡ, ಗದ್ದಲ ಕರಗಿತು. ಜನ ದಾರಿ ಬಿಟ್ಟರು. ಎಲ್ಲರ ಕಿಸೆಯಲ್ಲೂ ದುಡ್ಡು ಉಬ್ಬಿಕೊಂಡಿತ್ತು. ಏನಾಗುತ್ತಿದೆ ಎಂದು ಮೊದಲು ಹೊಳೆದದ್ದು ಗುಲಾಬಿಗೆ. ಅವಳು ಓಡಿ ಬಂದು ಕುರ್ಚಿಯ ಹಿಡಿ ಹಿಡಿದಳು.

"ಪ್ರಫುಲ್ಲಕ್ಕ, ನಿಮಗೆ ಮನಸ್ಸು ಎಂಬುದು ಉಂಟಾ? ಈ ಸ್ಥಿತೀಲಿ ಯಾರಾದ್ರೂ ಕಡಲಿಗೆ ಕರ್ಕೊಂಡು ಹೋಗ್ತಾರಾ? ಮನೇಲಿ ನೆಮ್ಮದಿಯಾಗಿ ಮಲಗ್ಲಿಕ್ಕೆ ಬಿಡಿ ಪಾಪ!"

"ಕೈ ತೆಗಿ," ಎಂದೆ.

"ನಾವು ಇಷ್ಟು ದಿನ ನೋಡಿಕೊಂಡದ್ದು..."

"ಕೈ ತೆಗಿ ಗುಲಾಬಿ. ಇಲ್ಲದಿದ್ರೆ ಮುರೀತೇನೆ."

ಹಿಂದಿನಿಂದ ಗಂಡಸರ ದನಿಗಳು ಎದ್ದವು. ರೋಗಿಯನ್ನು ಹತ್ತಿಸಬಾರದು, ಕಾನೂನು ಇಲ್ಲವೇ, ಮಗನಿಗೆ ಹೇಳಿದ್ದೀರಾ. ಆಗ ಅತ್ತೆ ಕೈ ಎತ್ತಿದರು. ಅವರ ದನಿ ಸಣ್ಣದಾಗಿತ್ತು. ಅದನ್ನು ಕೇಳಿಸಿಕೊಳ್ಳಲು ಊರು ಹತ್ತಿರ ಬರಬೇಕಾಯಿತು. "ನನ್ನ ಹೋಟ್ಲಲ್ಲಿ ಚಾ ಕುಡಿಯದವರು ಇಲ್ಲಿ ಯಾರೂ ಇಲ್ಲ. ಎಷ್ಟೋ ಜನ ಸಾಲ ಹೇಳಿ ಹೋದವರು. ನಾನು ಕೇಳ್ಲಿಲ್ಲ. ಈಗ ನೀವು ಕೇಳ್ಲಿಕ್ಕೆ ಬಂದಿದ್ದೀರಿ. ನಾನು ಕೊಡುದಿಲ್ಲ. ದಾರಿ ಬಿಡಿ."

ಆ ಗುಂಪಿನ ನಡುವಿನಿಂದ ಉಮಾನಾಥ ಬಂದ. ದಿವಾಕರ ಅವನ ಹಿಂದೆಯೇ ನಿಂತ. ಉಮಾನಾಥನ ಮುಖ ಬೆವರಿತ್ತು. "ಅಮ್ಮಾ, ಎಲ್ಲಿಗೆ ಹೊರಟದ್ದು?" ಎಂದ.

ಅತ್ತೆ ಅವನನ್ನು ಬೈಯಲಿಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು. "ಹಡಗಿಗೆ ಮಗಾ. ನಿನಗೂ ಆಸೆ ಇತ್ತಲ್ಲ? ಕೈಲಿರುವ ಹಣದಲ್ಲಿ ಪೂರ್ತಿ ದರಕ್ಕೆ ಒಂದು ಟಿಕೆಟ್ ಬರ್ತದೆ. ತಗೊ. ನನ್ನ ಜೊತೆ ಬಾ. ಕಿಟಕಿಯ ಹತ್ರ ಕೂತ್ಕೊಂಡು ಹೋಗುವ."

ದಿವಾಕರ ಕಿಸೆಯಿಂದ ಹಣದ ಕಟ್ಟು ತೆಗೆದು ಅವನ ಕೈಯಲ್ಲಿಟ್ಟ. ಆ ಕ್ಷಣಕ್ಕೆ ದಿವಾಕರನ ಮೇಲೂ ನನಗೆ ಒಂದಿಷ್ಟು ಗೌರವ ಬಂತು. ಉಮಾನಾಥ ಟಿಕೆಟ್ ಕಿಟಕಿಯ ಕಡೆ ನಡೆದ. ನಾನು ಕುರ್ಚಿಯನ್ನು ಸೇತುವೆಯ ಮೇಲೆ ತಳ್ಳಿದೆ, ಹಡಗಿನವರಿಬ್ಬರು ಎತ್ತಿ ಹಿಡಿದರು. ಮೇಲೆ ಹೋಗಿ ಕಟಕಟೆಯ ಬಳಿ ನಿಂತು ನೋಡಿದೆವು. ಕಿಟಕಿಯ ಮುಂದೆ ಅವನೊಬ್ಬನೇ ಇದ್ದ. ಸಾಲಿರಲಿಲ್ಲ, ಅಡ್ಡಿ ಇರಲಿಲ್ಲ. ಗುಮಾಸ್ತ ಒಳಗಿನಿಂದ ಕೈ ಚಾಚಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಉಮಾನಾಥ ಹಣವನ್ನು ಎರಡು ಕೈಯಲ್ಲಿ ಹಿಡಿದು ತಲೆ ಎತ್ತಿ ಹಲಗೆಯನ್ನು ನೋಡುತ್ತಿದ್ದ. ಮೊದಲ ಸೀಟಿ ಆಯಿತು. ಅವನು ನಮ್ಮ ಕಡೆ ತಿರುಗಿದ, ಮತ್ತೆ ಹಲಗೆಯನ್ನು ನೋಡಿದ. ಊರು ದೊಡ್ಡದು, ಇನ್ನೂ ಸ್ವಲ್ಪ ಹೊತ್ತಿದೆ, ಎಲ್ಲೋ ಯಾರಿಗೋ ಏನಾದರೂ ಆಗಬಹುದು. ಎರಡನೆಯ ಸೀಟಿ ಆಯಿತು. ಸೇತುವೆ ಎತ್ತಿದರು.

"ತಗೊಂಡ್ನಾ?" ಎಂದು ಅತ್ತೆ ಕೇಳಿದರು. ಅವರ ಕಣ್ಣಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ.

ಸುಳ್ಳೊಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವನು ಇನ್ನೂ ಯಾಕೆ ಬರಲಿಲ್ಲ ಎಂದು ದಾರಿ ಕಾಯುತ್ತಾರೆ. ಕಾದದ್ದು ಸಾಕಾಗಿತ್ತು. "ಇಲ್ಲ ಅತ್ತೆ," ಎಂದೆ.

ಅವರು ತಲೆಯಾಡಿಸಿದರು. ದಡ ಸಣ್ಣದಾಗುವ ತನಕ ಆ ಕಡೆಗೇ ಮುಖ ಮಾಡಿ ಕೂತಿದ್ದರು. ಆಮೇಲೆ, "ಗಾಳಿ ಜೋರುಂಟು, ಶಾಲು ಹೊದಿಸು," ಎಂದರು.

ಹಡಗಿನಲ್ಲಿ ಅವರು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಇದ್ದರು. ಮೊದಲ ದಿನವೇ ಚಹಾ ಸರಿಯಿಲ್ಲವೆಂದು ಅಡುಗೆಯವನನ್ನು ಕರೆಸಿದರು. ಪುಡಿಯನ್ನು ಕುದಿಸಿ ಕೊಲ್ಲಬೇಡ ಎಂದು ಅವನಿಗೆ ಪಾಠ ಹೇಳಿದರು. ಅವನು ಮರುದಿನದಿಂದ ದಿನವೂ ಒಂದು ಕಪ್ ತಂದು ಎದುರು ನಿಂತು ಮುಖ ನೋಡುತ್ತಿದ್ದ. "ಪರವಾಗಿಲ್ಲ" ಎನ್ನುವುದಕ್ಕಿಂತ ಮುಂದೆ ಅವರು ಹೋಗಲಿಲ್ಲ. ಹಗಲೆಲ್ಲ ಮೇಲಿನ ಅಟ್ಟದ ಒರಗು ಕುರ್ಚಿಯಲ್ಲಿ ಕೂತು ನೀರು ನೋಡಿದರು. ಕಡಲಿನ ಪಕ್ಕದಲ್ಲೇ ಆಯುಷ್ಯ ಕಳೆದವರು, ದಡವನ್ನು ಕಡಲಿನಿಂದ ನೋಡಿದ್ದು ಅದೇ ಮೊದಲು. ಒಮ್ಮೆ ನಮ್ಮಿಬ್ಬರಿಗೆ ಮಾತ್ರೆಯ ವಿಷಯದಲ್ಲಿ ಜಗಳವೂ ಆಯಿತು, ಪಕ್ಕದ ಜವಳಿ ಅಂಗಡಿಯವರ ಹೆಂಡತಿ ಎದ್ದು ಬಂದು ಬಿಡಿಸಿದರು. "ನೀನು ಒಳ್ಳೆಯವಳಲ್ಲ," ಎಂದರು ಅತ್ತೆ ಆ ಸಂಜೆ. "ಒಳ್ಳೆಯವಳಾಗಿದ್ರೆ ನನ್ನನ್ನು ಇಲ್ಲಿ ತನಕ ತರ್ತಿರ್ಲಿಲ್ಲ." ನಾನು ನಕ್ಕೆ. ಅವರೂ ನಕ್ಕರು. ಕೆಮ್ಮು ಬಂತು.

ಮೂರನೆಯ ದ್ವೀಪ ಕಾಣುವ ಹೊತ್ತಿಗೆ, ಊಟ ಆದ ಮೇಲೆ, ಕುರ್ಚಿಯಲ್ಲೇ ಹೋದರು. ನಾನು ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದೆ. ಒಂದು ಎಸಳು ಕೊಡಲು ತಿರುಗಿದಾಗ ತಿಳಿಯಿತು. ಯಾರೂ ಓಡಲಿಲ್ಲ. ಅಟ್ಟದ ಮೇಲಿದ್ದವರು ಎದ್ದು ನಿಂತರು, ಅಷ್ಟೇ. ಆ ದ್ವೀಪದ ದಡದಲ್ಲೇ ದಹನ ಮಾಡಿದೆವು. ಚಟ್ಟಕ್ಕೆ ಹೆಗಲು ಕೊಟ್ಟವರು ಆ ಅಡುಗೆಯವನು, ಇಬ್ಬರು ಬೋಟ್ ಮಾಲೀಕರು, ಹೆಸರು ಗೊತ್ತಿಲ್ಲದ ಒಬ್ಬ ಹಡಗಿನವನು. ಬೆಂಕಿ ನಾನು ಕೊಟ್ಟೆ. ತಡ ಮಾಡು ಎಂದು ಯಾರೂ ಹೇಳಲಿಲ್ಲ. ಅಪ್ಪನಿಗಾಗಿ ಅಳಲಾಗದೆ ಉಳಿದದ್ದೂ ಸೇರಿ ಅವತ್ತು ಅತ್ತುಬಿಟ್ಟೆ.

ಹಡಗು ಊರಿಗೆ ಮರಳಿದಾಗ ಬಂದರಿನಲ್ಲಿ ಹೆಚ್ಚು ಜನ ಇರಲಿಲ್ಲ. ಗುಲಾಬಿ ಇದ್ದಳು. ನನ್ನೊಬ್ಬಳನ್ನೇ ಕಂಡು ಅವಳಿಗೆ ಅರ್ಥವಾಯಿತು. ಎರಡು ಹೆಜ್ಜೆ ನನ್ನ ಜೊತೆ ಬಂದಳು. ಹಿಂಸೆ ಆಯಿತೇ, ಕೊನೆಗೆ ಏನು ಹೇಳಿದರು ಎಂದು ಕೇಳುತ್ತಾಳೆ ಎಂದುಕೊಂಡೆ. "ಒಳಗೆ ಹೇಗುಂಟು?" ಎಂದು ಕೇಳಿದಳು. "ಊಟ ಗೀಟ ಎಲ್ಲ ಅವರೇ ಕೊಡುದಾ?" ನಾನು ನಿಂತು ಅವಳ ಮುಖ ನೋಡಿದೆ. ಅವಳು ಕೆಟ್ಟದ್ದನ್ನು ಕೇಳಿರಲಿಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು. ಅದಕ್ಕೇ ಬಹುಶಃ ನನಗೆ ಕೈ ಎತ್ತಲಾಗಲಿಲ್ಲ. ಮುಂದೆ ನಡೆದೆ.

ಉಮಾನಾಥ ಜಗಲಿಯಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು. ಬೂದಿಯ ಗಡಿಗೆಯನ್ನು ನಾನು ಅವನ ಕೈಯಲ್ಲಿಟ್ಟೆ. ಅವನು ಅದನ್ನು ಎದೆಗೆ ಒತ್ತಿಕೊಂಡು ಬಹಳ ಅತ್ತ. ಅದು ನಾಟಕವಾಗಿರಲಿಲ್ಲ. ನಾಟಕವಾಗಿದ್ದರೆ ನನಗೆ ಸುಲಭವಿತ್ತು. ನಾನು ಸ್ನಾನ ಮಾಡಿ, ಅನ್ನಕ್ಕಿಟ್ಟು, ಅತ್ತೆಯ ಮಂಚದ ಹಾಸಿಗೆ ಸುತ್ತಿಡುತ್ತಿದ್ದೆ. ಅವನು ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಆ ಹಣದ ಕಟ್ಟು ಇತ್ತು.

"ಇದನ್ನು ಅಮ್ಮನ ಬೊಜ್ಜಕ್ಕೆ, ಕ್ರಿಯೆಗೆ ಊಟಕ್ಕೆಲ್ಲ ಖರ್ಚು ಮಾಡುವ," ಎಂದ. "ಇನ್ನು ನನಗೆ ಬೇಡ ಇದು."

"ಬೊಜ್ಜದ ಖರ್ಚು ನಾನು ಮಾಡ್ತೇನೆ," ಎಂದೆ. "ಅದನ್ನು ನೀವು ಇಟ್ಟುಕೊಳ್ಳಿ. ನಾನು ಸತ್ತ ದಿನ ನಿಮಗೆ ಬೇಕಾಗ್ತದೆ."

ನಾನು ಹಾಸಿಗೆ ಸುತ್ತಿ ಮೂಲೆಗೆ ಒರಗಿಸಿದೆ. ಅವನು ಒಳಗಿನ ಕೋಣೆಗೆ ಹೋದ. ಕಪಾಟು ತೆರೆದ ಸದ್ದು ಕೇಳಿಸಿತು. ನಾನು ಕೈ ಹಾಗೇ ನಿಲ್ಲಿಸಿ ಕೇಳಿಸಿಕೊಂಡೆ. ಆಮೇಲೆ ಕಪಾಟು ಮುಚ್ಚಿದ ಸದ್ದು, ಬೀಗ ತಿರುಗಿದ ಸದ್ದು.